ಹಳೇ ಟಿವಿ ಗೇಮ್ ಮತ್ತೆ ಆನ್ ಮಾಡಿ, ಇಬ್ಬರು ಕೂತು ಕಾಂಟ್ರಾ ಆಡುವುದು ಹೇಗೆ

ಕಾಂಟ್ರಾ ಅನ್ನುವ ಗುಂಡು ಹಾರಿಸುವ ಹಳೇ ವಿಡಿಯೋ ಆಟವನ್ನು ಒಬ್ಬರೇ ಆಡಬಹುದು, ಒಬ್ಬರೇ ಮುಗಿಸಲೂಬಹುದು. ಆದರೆ ಅದರ ರುಚಿ ಗೊತ್ತಾಗುವುದು ಪಕ್ಕದಲ್ಲಿ ಇನ್ನೊಬ್ಬರು ಎರಡನೇ ರಿಮೋಟ್ ಹಿಡಿದು ಕೂತಾಗ. ನೀಲಿ ಪ್ಯಾಂಟಿನವನು ಒಬ್ಬರು, ಕೆಂಪು ಪ್ಯಾಂಟಿನವನು ಇನ್ನೊಬ್ಬರು, ಪರದೆ ಮಾತ್ರ ಒಂದೇ. ನಾನಿಲ್ಲಿ ಬರೆಯುವುದೆಲ್ಲ ಆ ಒಂದು ಸಂಜೆಗೋಸ್ಕರ. ನಿಮ್ಮ ಹಳೇ ಟಿವಿ ಗೇಮ್ ಪೆಟ್ಟಿಗೆ ಈಗಿನ ಟಿವಿಯಲ್ಲಿ ಓಡಬೇಕು, ಎರಡೂ ರಿಮೋಟ್ ಕೆಲಸ ಮಾಡಬೇಕು, ನಿಮ್ಮ ಪಕ್ಕದಲ್ಲಿ ಒಬ್ಬರು ಕೂರಬೇಕು.

ನಾನು ಬೆಳೆದದ್ದು ಬೆಂಗಳೂರಿನ ಮತ್ತಿಕೆರೆಯಲ್ಲಿ. ಅಪ್ಪ ಬಿಇಎಲ್‌ನಲ್ಲಿದ್ದರು, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ. ತೊಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ಮೆಜೆಸ್ಟಿಕ್ ಕಡೆಯಿಂದ ಟಿವಿ ಗೇಮ್ ತಂದರು. ಒಂದನೇ ರಿಮೋಟ್ ಅಣ್ಣನದು, ಎರಡನೇದು ನನ್ನದು. ಎರಡನೇ ರಿಮೋಟ್‌ನಲ್ಲಿ ಸ್ಟಾರ್ಟ್, ಸೆಲೆಕ್ಟ್ ಬಟನ್‌ಗಳೇ ಇರಲಿಲ್ಲ. ಆಟ ನಿಲ್ಲಿಸಬೇಕಾದರೆ ಅಣ್ಣನನ್ನೇ ಕೇಳಬೇಕಿತ್ತು. ಅದೇ ಪೆಟ್ಟಿಗೆ ಈಗಲೂ ನಮ್ಮ ಮನೆಯಲ್ಲಿ ಓಡುತ್ತಿದೆ. ಈಗ ಎರಡನೇ ರಿಮೋಟ್ ನನ್ನ ಮಗಳ ಕೈಯಲ್ಲಿರುತ್ತದೆ.

ಕೆಲಸ ಶುರು ಮಾಡುವ ಮೊದಲು ಆ ಪೆಟ್ಟಿಗೆ ಏನು ಅಂತ ತಿಳಿದಿರಲಿ. 1983ರಲ್ಲಿ ನಿಂಟೆಂಡೊ ಕಂಪನಿ ಜಪಾನಿನಲ್ಲಿ ಫ್ಯಾಮಿಕಾಮ್ ಅನ್ನುವ ಯಂತ್ರ ಬಿಟ್ಟಿತು. ನಮ್ಮ ಮನೆಗಳಿಗೆ ಬಂದದ್ದು ಅದೇ ಮಾದರಿಯ ಪೆಟ್ಟಿಗೆಗಳು. ಸಮುರಾಯ್, ಲಿಟಲ್ ಮಾಸ್ಟರ್ ಅಂತೆಲ್ಲ ಹೆಸರಿದ್ದವು. ಮೇಲಿನ ಪ್ಲಾಸ್ಟಿಕ್ ಬೇರೆ ಬೇರೆ, ಒಳಗಿನ ಲೆಕ್ಕ ಒಂದೇ. ಆಟ ತುಂಬಿರುವ ಕ್ಯಾಸೆಟ್ ಕೂರುವ ಜಾಗದಲ್ಲಿ 60 ಪಿನ್. ಕೆಲಸದ ಮೆಮೊರಿ ಬರೀ 2 ಕೆಬಿ. ಇಡೀ ಸೂಪರ್ ಮಾರಿಯೋ ಆಟ 40 ಕೆಬಿ. ಕಾಂಟ್ರಾ 128 ಕೆಬಿ. ಇಷ್ಟು ಸರಳವಾದ್ದರಿಂದಲೇ ಇದನ್ನು ಮನೆಯಲ್ಲೇ ಕೂತು ರಿಪೇರಿ ಮಾಡಬಹುದು. ಈಗಿನ ಫೋನ್ ಕೆಟ್ಟರೆ ಹಾಗೆ ಮಾಡಲು ಆಗುವುದಿಲ್ಲ, ಅಲ್ವಾ?

ಮೊದಲು ಅಡಾಪ್ಟರ್

ಪೆಟ್ಟಿಗೆ ಸಿಕ್ಕಿದ ಖುಷಿಗೆ ಮನೆಯಲ್ಲಿರುವ ಯಾವುದೋ ಅಡಾಪ್ಟರ್ ಚುಚ್ಚಬೇಡಿ. ಪಿನ್ ಸರಿಯಾಗಿ ಕೂತಿತು ಅಂದ ಮಾತ್ರಕ್ಕೆ ಅದು ಸರಿಯಾದ ಅಡಾಪ್ಟರ್ ಅಲ್ಲ. ಈ ಪೆಟ್ಟಿಗೆಗಳಲ್ಲಿ ಜಾಸ್ತಿ ಕಡೆ ಬೇಕಾಗುವುದು 9 ವೋಲ್ಟ್ ಡಿಸಿ. ಆದರೆ ಪಿನ್ನಿನ ಒಳಭಾಗ ಪ್ಲಸ್ಸೋ ಮೈನಸ್ಸೋ ಅನ್ನುವುದು ಒಂದೊಂದರಲ್ಲಿ ಒಂದೊಂದು ಥರ. ಜಪಾನಿನ ಮೂಲ ಯಂತ್ರದಲ್ಲಿ ಒಳಗೆ ಮೈನಸ್, ಹೊರಗೆ ಪ್ಲಸ್. ಈಗ ಅಂಗಡಿಯಲ್ಲಿ ಸಿಗುವ ಅಡಾಪ್ಟರ್‌ಗಳಲ್ಲಿ ಬಹಳಷ್ಟು ಇದಕ್ಕೆ ಉಲ್ಟಾ. ತಪ್ಪು ಹಾಕಿದರೆ ಒಳಗಿನ ಭಾಗ ಸುಟ್ಟುಹೋಗಬಹುದು.

ಪೆಟ್ಟಿಗೆಯ ಹಿಂದೆ ಅಥವಾ ಅಡಿಯಲ್ಲಿ ಒಂದು ಚಿಕ್ಕ ಗುರುತು ಇರುತ್ತದೆ. ನಡುವೆ ಚುಕ್ಕಿ, ಸುತ್ತ ಅರ್ಧ ವೃತ್ತ, ಆ ಕಡೆ ಈ ಕಡೆ ಪ್ಲಸ್ ಮೈನಸ್. ಚುಕ್ಕಿಗೆ ಗೆರೆ ಎಳೆದಿರುವ ಚಿಹ್ನೆ ಯಾವುದೋ ಅದೇ ಒಳಭಾಗದ್ದು. ಅಡಾಪ್ಟರ್ ಕಡೆ ಏನಿದೆ ಅಂತ ಮಲ್ಟಿಮೀಟರ್‌ನಿಂದ, ಅಂದರೆ ವೋಲ್ಟ್ ಅಳೆಯುವ ಮೀಟರ್‌ನಿಂದ ನೋಡಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕೆಂಪು ಕಡ್ಡಿ ಪಿನ್ನಿನ ತೂತಿನೊಳಗೆ, ಕಪ್ಪು ಕಡ್ಡಿ ಹೊರಗೆ. ಅಂಕಿಯ ಹಿಂದೆ ಮೈನಸ್ ಬಂದರೆ ಒಳಗೆ ಮೈನಸ್ ಅಂತ ಅರ್ಥ. ಪೆಟ್ಟಿಗೆಯ ಗುರುತಿಗೆ ಇದು ಹೊಂದಬೇಕು.

ಹಳೇ ಕಾಲದ ಭಾರವಾದ ಅಡಾಪ್ಟರ್ ಮೇಲೆ 9 ವೋಲ್ಟ್ ಅಂತಿದ್ದರೂ ಮೀಟರ್ 12, 13 ತೋರಿಸಬಹುದು. ಹೆದರಬೇಡಿ. ಏನನ್ನೂ ಓಡಿಸದೆ ಖಾಲಿ ಇದ್ದಾಗ ಅವು ಹಾಗೇ ತೋರಿಸುತ್ತವೆ. ಪೆಟ್ಟಿಗೆಯೊಳಗೆ 7805 ಅನ್ನುವ ಮೂರು ಕಾಲಿನ ರೆಗ್ಯುಲೇಟರ್ ಇರುತ್ತದೆ. ಬಂದ ವೋಲ್ಟೇಜನ್ನು ಅದು 5ಕ್ಕೆ ಇಳಿಸಿ ಕೊಡುತ್ತದೆ. ಮಿಕ್ಕಿದ್ದನ್ನು ಶಾಖ ಮಾಡಿ ಹೊರಗೆ ಬಿಡುತ್ತದೆ. ಪೆಟ್ಟಿಗೆ ಸ್ವಲ್ಪ ಬೆಚ್ಚಗಾಗುವುದು ಅದಕ್ಕೇ.

ಆನ್ ಮಾಡಿದರೂ ಕೆಂಪು ದೀಪ ಹತ್ತದಿದ್ದರೆ ಪ್ಲಗ್ ಕಿತ್ತು ಸ್ಕ್ರೂ ಬಿಚ್ಚಿ. ಕೆಪಾಸಿಟರ್‌ಗಳನ್ನು ನೋಡಿ, ಅಂದರೆ ಚಿಕ್ಕ ಡಬ್ಬಿಯ ಹಾಗೆ ನಿಂತಿರುವವು. ಮೇಲ್ಭಾಗ ಉಬ್ಬಿದ್ದರೆ, ಬುಡದಲ್ಲಿ ಕಂದು ಅಂಟು ಸೋರಿದ್ದರೆ ಬದಲಿಸಬೇಕು. ಅದರ ಮೈಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಲಿ. ಪ್ಲಸ್ ಮೈನಸ್ ಕಾಲು ತಿರುಗಬಾರದು. ಎಲೆಕ್ಟ್ರಾನಿಕ್ ಸಾಮಾನು ಮಾರುವ ಎಸ್.ಪಿ. ರಸ್ತೆಯಲ್ಲಿ ಹಳೇದನ್ನು ಕೈಯಲ್ಲಿ ಹಿಡಿದು ತೋರಿಸಿದರೆ ಸಾಕು, ಹೊಸದು ಕೆಲವೇ ರೂಪಾಯಿಗೆ ಸಿಗುತ್ತದೆ. ಭಾನುವಾರ ಹೋಗಬೇಡಿ, ಆವತ್ತು ಜಾಸ್ತಿ ಅಂಗಡಿಗಳು ಮುಚ್ಚಿರುತ್ತವೆ. ಸೋಲ್ಡರ್ ಮಾಡುವುದು ಬರದಿದ್ದರೆ ಅಲ್ಲೇ ಯಾರಾದರೂ ಮಾಡಿಕೊಡುತ್ತಾರೆ. ನನಗೆ ಅಪ್ಪ ಕಲಿಸಿದ್ದರು. "ಸೀಸ ಕರಗಿಸಿ ಹಚ್ಚಬೇಡ, ಜಾಗ ಕಾಯಿಸು, ಸೀಸ ತಾನೇ ಹರಿಯುತ್ತೆ" ಅನ್ನುತ್ತಿದ್ದರು. ಈಗಲೂ ಐರನ್ ಹಿಡಿದಾಗ ಆ ಮಾತು ನೆನಪಿಗೆ ಬರುತ್ತದೆ.

ಕ್ಯಾಸೆಟ್ ಊದಬೇಡಿ

ನಾವೆಲ್ಲ ಊದಿದವರೇ. ಆಟ ಬರದಿದ್ದರೆ ಕ್ಯಾಸೆಟ್ ಕಿತ್ತು, ಬಾಯಿಗೆ ಹಿಡಿದು ಊದಿ, ಮತ್ತೆ ಒತ್ತುವುದು. ಆಗ ಆಟ ಬರುತ್ತಿತ್ತು, ನಿಜ. ಆದರೆ ಬರುತ್ತಿದ್ದದ್ದು ಕಿತ್ತು ಹಾಕಿದ್ದಕ್ಕೆ. ಒಳಗಿನ ಪಿನ್‌ಗಳು ಉಜ್ಜಿಕೊಂಡು ಹೊಸ ಜಾಗದಲ್ಲಿ ತಾಗುತ್ತಿದ್ದವು. ಉಸಿರಿನ ತೇವದಿಂದ ಪಿನ್ ಕಾಲಕ್ರಮೇಣ ಕಪ್ಪಾಗುತ್ತದೆ. ಇಷ್ಟು ವರ್ಷ ಆದ ಮೇಲೆ ಉಳಿದಿರುವ ಕ್ಯಾಸೆಟ್‌ಗೆ ಇನ್ನೂ ತೇವ ಕೊಡುವುದು ಬೇಡ.

ಬೇಕಾಗಿರುವುದು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಕಿವಿಗೆ ಬಳಸುವ ಹತ್ತಿ ಕಡ್ಡಿ. ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಆ ಆಲ್ಕೋಹಾಲ್ ಬಾಟಲಿಯಲ್ಲಿ ಸಿಗುತ್ತದೆ. ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಜೆಲ್ ಅಂಟಿಕೊಂಡು ಉಳಿಯುತ್ತದೆ. ಎಣ್ಣೆ ಅಂತೂ ಬೇಡವೇ ಬೇಡ. ಕಡ್ಡಿಯನ್ನು ಅದ್ದಿ, ಪಿನ್ ಉದ್ದಕ್ಕೂ ಮೇಲಿಂದ ಕೆಳಗೆ ಒರೆಸಿ. ಹತ್ತಿ ಕಪ್ಪಾಗುತ್ತದೆ. ಕಪ್ಪು ಬರುವುದು ನಿಲ್ಲುವ ತನಕ ಹೊಸ ಕಡ್ಡಿ ತಗೊಳ್ಳಿ. ಹಟಮಾರಿ ಕಲೆ ಇದ್ದರೆ ಬಿಳಿ ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಪುಡಿ ಕೊಡವಿ, ಮತ್ತೆ ಆಲ್ಕೋಹಾಲ್‌ನಲ್ಲಿ ಒರೆಸಿ. ಪೂರ್ತಿ ಒಣಗಿದ ಮೇಲಷ್ಟೇ ಹಾಕಿ.

ಪೆಟ್ಟಿಗೆಯ ಬಾಯಿಯನ್ನೂ ಒರೆಸಬೇಕು, ಜಾಸ್ತಿ ಜನ ಇದನ್ನು ಮರೆಯುತ್ತಾರೆ. ಕ್ಯಾಸೆಟ್‌ನ ಅಂಚಿನಷ್ಟೇ ದಪ್ಪದ ಹಳೇ ಪ್ಲಾಸ್ಟಿಕ್ ಕಾರ್ಡಿಗೆ ತೆಳು ಹತ್ತಿ ಬಟ್ಟೆ ಸುತ್ತಿ, ಸ್ವಲ್ಪ ಆಲ್ಕೋಹಾಲ್ ಹಾಕಿ, ಒಳಗೆ ನೇರವಾಗಿ ಇಳಿಸಿ ಎತ್ತಿ. ಜೋರು ಮಾಡಬೇಡಿ, ಪಿನ್ ಬಗ್ಗಿದರೆ ಸರಿ ಮಾಡುವುದು ಕಷ್ಟ. ಆಮೇಲೆ ಕ್ಯಾಸೆಟ್ ಹಾಕಿ ತೆಗೆಯುವಾಗ ಯಾವತ್ತೂ ಪವರ್ ಆಫ್ ಇರಲಿ.

ನಮ್ಮಲ್ಲಿ ಜಾಸ್ತಿ ಇದ್ದದ್ದು "9999999 ಇನ್ 1" ಅಂತ ಬರೆದ ಕ್ಯಾಸೆಟ್‌ಗಳು. ಇರುತ್ತಿದ್ದದ್ದು ಕೆಲವೇ ಆಟ, ಮಿಕ್ಕಿದ್ದೆಲ್ಲ ಅವೇ ಬೇರೆ ಹೆಸರಲ್ಲಿ, ಬೇರೆ ಸ್ಟೇಜ್‌ನಿಂದ ಶುರುವಾಗುವವು. ಆದರೂ ಪಟ್ಟಿಯ ಕೊನೆ ನೋಡಬೇಕು ಅಂತ ಬೀದಿಯ ಮಕ್ಕಳೆಲ್ಲ ಕೂತು ಬಟನ್ ಒತ್ತಿದ್ದೇವೆ. ಇಂಥ ಕ್ಯಾಸೆಟ್ ಒಳಗೆ ಚಿಪ್ ಇರುವ ಜಾಗದಲ್ಲಿ ಕರಿ ಅಂಟಿನ ಉಂಡೆ ಇರುತ್ತದೆ. ಅದು ಒಡೆದಿದ್ದರೆ ಆ ಕ್ಯಾಸೆಟ್ ಮುಗಿಯಿತು. ಹೊಸದಕ್ಕೆ ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಯಲ್ಲಿ ಬೆಳಗ್ಗೆ ಬೇಗ ಹೋಗಿ ಹುಡುಕಿ. ಸಿಕ್ಕರೆ ಪಿನ್ ನೋಡಿ ತಗೊಳ್ಳಿ, ಮೇಲಿನ ಚಿತ್ರ ನೋಡಿ ಅಲ್ಲ. ಮೇಲೆ ಒಂದು ಚಿತ್ರ, ಒಳಗೆ ಇನ್ನೊಂದು ಆಟ ಇರುವುದು ಮಾಮೂಲು.

ಎರಡನೇ ರಿಮೋಟ್ ಸರಿ ಮಾಡದೆ ಮುಂದೆ ಹೋಗಬೇಡಿ

ಒಂದು ರಿಮೋಟ್ ಕೆಲಸ ಮಾಡಿದ ತಕ್ಷಣ ಆಟಕ್ಕೆ ಕೂತುಬಿಡುತ್ತೇವೆ. ಎರಡನೇದು ನಾಳೆ ಅಂದುಕೊಳ್ಳುತ್ತೇವೆ. ಬೇಡ, ಇವತ್ತೇ ಮಾಡಿ.

ರಿಮೋಟ್ ಹಿಂದಿನ ಸ್ಕ್ರೂಗಳನ್ನು ಬಿಚ್ಚಿ. ಬಟನ್ ಕೆಳಗೆ ರಬ್ಬರ್ ಹಾಳೆ, ಅದರ ಅಡಿಯಲ್ಲಿ ಕರಿ ಗುಂಡುಗಳು. ಬಟನ್ ಒತ್ತಿದಾಗ ಆ ಕರಿ ಗುಂಡು ಕೆಳಗಿನ ಬೋರ್ಡಿನ ಗೆರೆಗಳಿಗೆ ತಾಗುತ್ತದೆ. ಅಷ್ಟೇ ಅದರ ಕೆಲಸ. ಬೋರ್ಡನ್ನು ಆಲ್ಕೋಹಾಲ್‌ನಿಂದ, ಕರಿ ಗುಂಡನ್ನು ಬರೀ ಒಣ ಬಟ್ಟೆಯಿಂದ ಒರೆಸಿ. ಜೋರಾಗಿ ಉಜ್ಜಿದರೆ ಕರಿ ಬಣ್ಣವೇ ಹೋಗುತ್ತದೆ. ನಮ್ಮ ಮನೆಯ ರಿಮೋಟ್ ಒಳಗೆ ಕೋಡುಬಳೆ ಪುಡಿ ಸಿಕ್ಕಿತ್ತು. ಯಾವ ಹಬ್ಬದ್ದೋ ಏನೋ.

ಎಲ್ಲ ಬಟನ್ ಒಟ್ಟಿಗೆ ಕೆಲಸ ಮಾಡದಿದ್ದರೆ ವೈರ್ ತುಂಡಾಗಿದೆ ಅಂತ ಲೆಕ್ಕ. ಒಳಗೆ ಐದು ಎಳೆಗಳಿರುತ್ತವೆ. ಎರಡು ಕರೆಂಟಿಗೆ, ಮೂರು ಮಾತುಕತೆಗೆ. "ಬಟನ್‌ಗಳ ಸ್ಥಿತಿ ಹಿಡಿದಿಟ್ಟುಕೋ" ಅಂತ ಹೇಳುವುದು ಒಂದು, "ಒಂದೊಂದಾಗಿ ಕೊಡು" ಅನ್ನುವುದು ಇನ್ನೊಂದು, ಉತ್ತರ ತರುವುದು ಮೂರನೇದು. ಒಂದು ಎಳೆ ಹೋದರೂ ಇಡೀ ರಿಮೋಟ್ ಸುಮ್ಮನಾಗುತ್ತದೆ. ವೈರ್ ಜಾಸ್ತಿ ಮುರಿಯುವುದು ರಿಮೋಟಿನಿಂದ ಹೊರಗೆ ಬರುವ ಜಾಗದಲ್ಲೇ. ನಾವು ಆಡುವಾಗ ರಿಮೋಟನ್ನೇ ಎತ್ತಿ ಎತ್ತಿ ಎಳೆಯುತ್ತಿದ್ದೆವಲ್ಲ, ಹಾರಿದರೆ ಕೈಯೂ ಹಾರುತ್ತಿತ್ತು. ಮಲ್ಟಿಮೀಟರ್‌ನ ಬೀಪ್‌ನಿಂದ ಎಳೆ ಎಳೆಯಾಗಿ ನೋಡಿ, ಮುರಿದ ಭಾಗ ಕತ್ತರಿಸಿ, ಬಣ್ಣಕ್ಕೆ ಬಣ್ಣ ಸೇರಿಸಿ ಸೋಲ್ಡರ್ ಮಾಡಿ. ವೈರ್ ಒಂದೆರಡು ಇಂಚು ಚಿಕ್ಕದಾಗುತ್ತದೆ, ಪರವಾಗಿಲ್ಲ.

ಈಗಿನ ಟಿವಿಗೆ ಸೇರಿಸುವುದು

ಪೆಟ್ಟಿಗೆಯ ಹಿಂದೆ ಹಳದಿ ಮತ್ತು ಬಿಳಿ ಅಥವಾ ಕೆಂಪು ಸಾಕೆಟ್ ಇದೆಯಾ ನೋಡಿ. ಅದು ಎವಿ. ಹಳದಿ ಚಿತ್ರಕ್ಕೆ, ಇನ್ನೊಂದು ಶಬ್ದಕ್ಕೆ. ಟಿವಿಯಲ್ಲೂ ಅವೇ ಬಣ್ಣದ ಸಾಕೆಟ್ ಇದ್ದರೆ ಸೇರಿಸಿ, ಮುಗಿಯಿತು. ಕೆಲವು ಟಿವಿಗಳಲ್ಲಿ ಇಯರ್‌ಫೋನ್ ತೂತಿನ ಥರ ಒಂದೇ ತೂತು ಇರುತ್ತದೆ, ಪಕ್ಕದಲ್ಲಿ ಎವಿ ಇನ್ ಅಂತ ಬರೆದಿರುತ್ತದೆ. ಅದಕ್ಕೆ ಬೇರೆ ಕೇಬಲ್ ಬೇಕು. ಚಿತ್ರ ಬರದೆ ಕೊರ್ ಅಂತ ಶಬ್ದ ಬಂದರೆ ಹಳದಿಯನ್ನು ಬೇರೆ ಬಣ್ಣದ ತುದಿಗೆ ಹಾಕಿ ನೋಡಿ, ಕೇಬಲ್‌ನಿಂದ ಕೇಬಲ್‌ಗೆ ಕ್ರಮ ಬದಲಾಗುತ್ತದೆ.

ಟಿವಿಯಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಒಂದು ಚಿಕ್ಕ ಡಬ್ಬಿ ಕೊಳ್ಳಬೇಕು. ಕೆಲವು ನೂರು ರೂಪಾಯಿ. ಇಲ್ಲೊಂದು ಎಚ್ಚರ: ನೋಡಲು ಒಂದೇ ಥರ ಇರುವ ಎರಡು ಡಬ್ಬಿಗಳಿವೆ. ಒಂದು ಎವಿಯಿಂದ ಎಚ್‌ಡಿಎಂಐಗೆ, ಇನ್ನೊಂದು ಎಚ್‌ಡಿಎಂಐನಿಂದ ಎವಿಗೆ. ನಮಗೆ ಬೇಕಾದದ್ದು ಮೊದಲನೇದು. ಅಂಗಡಿಯವರಿಗೆ "ಹಳೇ ಟಿವಿ ಗೇಮ್, ಹೊಸ ಟಿವಿಗೆ" ಅಂತಲೇ ಹೇಳಿ, ಅವರೇ ಸರಿಯಾದದ್ದು ಕೊಡುತ್ತಾರೆ.

ಇನ್ನೂ ಹಳೇ ಪೆಟ್ಟಿಗೆಯಲ್ಲಿ ಎವಿ ಇರುವುದಿಲ್ಲ, ಆಂಟೆನಾ ವೈರ್ ಮಾತ್ರ. ಟಿವಿಯ ಆಂಟೆನಾ ತೂತಿಗೆ ಸೇರಿಸಿ, ಆಟ ಆನ್ ಇಟ್ಟುಕೊಂಡೇ ಅನಲಾಗ್ ಚಾನೆಲ್ ಹುಡುಕಿಸಿ. ಆಗ ಅಣ್ಣ ಟಿವಿಯ ತಿರುಗಣೆ ತಿರುಗಿಸುತ್ತಿದ್ದ, ನಾನು ಮುಂದೆ ನಿಂತು "ಬಂತು, ಹೋಯ್ತು, ಬಂತು" ಅನ್ನುತ್ತಿದ್ದೆ. ಈಗ ಟಿವಿಯೇ ಹುಡುಕುತ್ತದೆ.

ಚಿತ್ರ ಬಂದ ಮೇಲೆ ಎರಡು ಸೆಟ್ಟಿಂಗ್ ಬದಲಿಸಿ. ಒಂದು, ಚಿತ್ರದ ಅಳತೆ 4:3. ಅಗಲ ಪರದೆಗೆ ಎಳೆದರೆ ಆಳುಗಳೆಲ್ಲ ಕುಳ್ಳಗೆ ದಪ್ಪಗೆ ಕಾಣುತ್ತಾರೆ. ಎರಡು, ಗೇಮ್ ಮೋಡ್. ಇದು ತುಂಬಾ ಮುಖ್ಯ. ಹೊಸ ಟಿವಿಗಳು ಚಿತ್ರವನ್ನು ಚೆಂದ ಮಾಡಲು ಸ್ವಲ್ಪ ಹೊತ್ತು ತಗೊಳ್ಳುತ್ತವೆ. ಆ ಚೂರು ತಡ ಸಿನಿಮಾದಲ್ಲಿ ಗೊತ್ತಾಗುವುದಿಲ್ಲ, ಕಾಂಟ್ರಾದಲ್ಲಿ ಅದೇ ಪ್ರಾಣ ತೆಗೆಯುತ್ತದೆ. ಗುಂಡು ಬಂದಾಗ ಹಾರು ಅಂತ ಒತ್ತಿರುತ್ತೀರಿ, ಅವನು ಹಾರುವಷ್ಟರಲ್ಲಿ ಗುಂಡು ತಾಗಿರುತ್ತದೆ.

ಬಾತುಕೋಳಿ ಹೊಡೆಯುವ ಡಕ್ ಹಂಟ್ ಆಟದ ಬಂದೂಕು ಮಾತ್ರ ಈ ಟಿವಿಗಳಲ್ಲಿ ಕೆಲಸ ಮಾಡುವುದಿಲ್ಲ. ಬಂದೂಕು ಕೆಟ್ಟಿಲ್ಲ, ಎಸೆಯಬೇಡಿ. ಟ್ರಿಗರ್ ಒತ್ತಿದಾಗ ಪರದೆ ಕ್ಷಣ ಹೊತ್ತು ಕಪ್ಪಾಗಿ, ಬಾತುಕೋಳಿ ಇರುವ ಜಾಗದಲ್ಲಿ ಮಾತ್ರ ಬಿಳಿ ಚೌಕ ಬರುತ್ತದೆ. ಬಂದೂಕಿನ ತುದಿಯಲ್ಲಿರುವ ಕಣ್ಣು ಆ ಬೆಳಕನ್ನು ನೋಡುತ್ತದೆ. ಹಳೇ ಪಿಕ್ಚರ್ ಟ್ಯೂಬ್ ಆ ಚೌಕವನ್ನು ಸರಿಯಾದ ಹೊತ್ತಿಗೆ ತೋರಿಸುತ್ತಿತ್ತು, ಈಗಿನ ಪರದೆ ತೋರಿಸುವುದು ತಡ. ಅದಕ್ಕೆ ಗುಜರಿಯಿಂದ ಹಳೇ ಟಿವಿಯನ್ನೇ ತರಬೇಕು. ತಂದರೆ ಅದರ ಹಿಂಬದಿ ಮಾತ್ರ ಬಿಚ್ಚಬೇಡಿ. ಅಪ್ಪನ ಬಿಇಎಲ್‌ನಲ್ಲಿ ಕಪ್ಪು ಬಿಳುಪು ಟಿವಿಯ ಟ್ಯೂಬ್‌ಗಳು ತಯಾರಾಗುತ್ತಿದ್ದವು. ಎಲ್ಲ ಬಿಚ್ಚಲು ಬಿಡುತ್ತಿದ್ದ ಅಪ್ಪ, ಟಿವಿ ಹಿಂದೆ ಮಾತ್ರ ಕೈ ಹಾಕಲು ಬಿಡುತ್ತಿರಲಿಲ್ಲ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಸಾವಿರಗಟ್ಟಲೆ ವೋಲ್ಟ್ ಉಳಿದಿರಬಹುದು.

ಪೆಟ್ಟಿಗೆಯೇ ಇಲ್ಲ ಅನ್ನುವವರಿಗೆ: ಕೊನಾಮಿ ಕಂಪನಿ 2019ರಲ್ಲಿ ಕಾಂಟ್ರಾ ಆನಿವರ್ಸರಿ ಕಲೆಕ್ಷನ್ ಅಂತ ಹಳೇ ಕಾಂಟ್ರಾಗಳಲ್ಲಿ ಹಲವನ್ನು ಸೇರಿಸಿ ಬಿಟ್ಟಿದೆ. ಕಂಪ್ಯೂಟರ್, ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್, ಸ್ವಿಚ್ ಎಲ್ಲದರಲ್ಲೂ ಇದೆ. ನಾವು ಮನೆಯಲ್ಲಿ ಆಡುತ್ತಿದ್ದ 1988ರ ಕಾಂಟ್ರಾ ಅದರಲ್ಲಿದೆ. ಕಂಪ್ಯೂಟರಿಗೆ ಎರಡು ರಿಮೋಟ್ ಸೇರಿಸಿಕೊಳ್ಳಿ. ಒಬ್ಬರು ಕೀಬೋರ್ಡ್ ಒಬ್ಬರು ರಿಮೋಟ್ ಬೇಡ, ಕೀಬೋರ್ಡಿನವರಿಗೆ ಕಷ್ಟ.

ಈಗ ಆಟ

ಪಕ್ಕದಲ್ಲಿ ಕೂತಿರುವುದು ಮಗುವಾದರೆ ಮೊದಲು 30 ಲೈಫ್ ಕೊಡಿ. ಕಾಂಟ್ರಾದಲ್ಲಿ ಒಂದೇ ಗುಂಡಿಗೆ ಸಾವು, ಮಾಮೂಲಿಗೆ ಸಿಗುವುದು ಮೂರು ಲೈಫ್. ಮೊದಲ ಸಲ ಆಡುವವರಿಗೆ ಅದು ಒಂದು ನಿಮಿಷಕ್ಕೂ ಸಾಲುವುದಿಲ್ಲ. ಕಾಂಟ್ರಾ ಹೆಸರು ಬಂದ ತಕ್ಷಣ ಒಂದನೇ ರಿಮೋಟ್‌ನಲ್ಲಿ ಒತ್ತಿ: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಒಬ್ಬರೇ ಆದರೆ ಸ್ಟಾರ್ಟ್. ಇಬ್ಬರಾದರೆ ಸೆಲೆಕ್ಟ್ ಒತ್ತಿ ಆಮೇಲೆ ಸ್ಟಾರ್ಟ್. ಟರ್ಬೊ ಬಟನ್ ಬಳಸಬೇಡಿ, ಒಂದು ಒತ್ತಿಗೆ ಹತ್ತು ಸಲ ಲೆಕ್ಕವಾಗಿ ಕೋಡ್ ತಪ್ಪುತ್ತದೆ. "ಇನ್ 1" ಕ್ಯಾಸೆಟ್‌ಗಳಲ್ಲಿ ಕೆಲವು ಸಲ 30 ಲೈಫ್ ಮೊದಲೇ ಕೊಟ್ಟಿರುತ್ತಾರೆ.

ಈ ಕೋಡ್ ಮಾಡಿದ್ದು ಕಜುಹಿಸಾ ಹಶಿಮೊಟೊ ಅನ್ನುವವರು. 1986ರಲ್ಲಿ ಕೊನಾಮಿಯಲ್ಲಿ ಗ್ರೇಡಿಯಸ್ ಅನ್ನುವ ಆಟವನ್ನು ಫ್ಯಾಮಿಕಾಮ್‌ಗೆ ತರುತ್ತಿದ್ದರು. ಆಟ ಅವರಿಗೇ ಕಷ್ಟವಾಗಿ, ಪರೀಕ್ಷೆ ಮಾಡಲು ಅನುಕೂಲಕ್ಕೆ ಈ ದಾರಿ ಇಟ್ಟುಕೊಂಡರು. ಅದು ಆಟದಲ್ಲೇ ಉಳಿಯಿತು, ಆಮೇಲೆ ಕಾಂಟ್ರಾಗೂ ಬಂತು. 2020ರಲ್ಲಿ ಅವರು ತೀರಿಕೊಂಡರು. ಮಗಳಿಗೆ ನಾನು ಇದನ್ನು ಹೇಳಿಯೇ ಕೋಡ್ ಕಲಿಸಿದೆ. ಆಟ ಮಾಡಿದವರಿಗೇ ಕಷ್ಟವಾಗಿತ್ತು ಅಂತ ಗೊತ್ತಾದ ಮೇಲೆ ಅವಳು ಔಟಾದಾಗ ಅಳುವುದು ಕಮ್ಮಿಯಾಯಿತು.

ಮೊದಲನೇ ಸ್ಟೇಜ್ ಕಾಡು. ಇಲ್ಲಿ ನೀರಿಗೆ ಇಳಿದರೆ ಸಾಯುವುದಿಲ್ಲ. ನೀರಿನಲ್ಲಿ ಕೆಳಗಿನ ಬಟನ್ ಒತ್ತಿ ಹಿಡಿದರೆ ಮುಳುಗುತ್ತಾನೆ, ಗುಂಡು ತಾಗುವುದಿಲ್ಲ. ಹೊಸಬರಿಗೆ ಇದನ್ನೇ ಮೊದಲು ಹೇಳಿಕೊಡಿ. ಮೇಲಿನ ಮೆಟ್ಟಿಲಿನಿಂದ ಕೆಳಗೆ ಬರಲು ಕೆಳಗಿನ ಬಟನ್ ಮತ್ತು ಹಾರುವ ಬಟನ್ ಒಟ್ಟಿಗೆ. ಸೇತುವೆ ಹತ್ತಿರ ಇಬ್ಬರೂ ಜೊತೆಗೇ ಓಡಬೇಕು. ಹಿಂದೆ ಉಳಿದವರಿಗೆ ಸೇತುವೆ ಸಿಡಿದುಹೋಗಿರುತ್ತದೆ.

ಆಟದಲ್ಲಿ ಹೊಸ ಗನ್, ಹೊಸ ಶಕ್ತಿ ಕೊಡುವ ಅಕ್ಷರಗಳು ಸಿಗುತ್ತವೆ, ಅವುಗಳ ಬಗ್ಗೆ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಎಸ್ ಗನ್ ಅಂದರೆ ಒಂದೇ ಸಲ ಐದು ಗುಂಡು ಬೀಸಣಿಗೆ ಥರ ಹರಡುತ್ತದೆ, ಅದನ್ನು ಮೀರಿಸಿದ್ದು ಇಲ್ಲ. ಎಂ ಒತ್ತಿ ಹಿಡಿದರೆ ಸುಮ್ನೆ ಸಿಡಿಯುತ್ತಿರುತ್ತದೆ, ಚಿಕ್ಕವರಿಗೆ ಒಳ್ಳೇದು. ಆರ್ ಗುಂಡಿನ ವೇಗ ಹೆಚ್ಚಿಸುತ್ತದೆ. ಬಿ ಸ್ವಲ್ಪ ಹೊತ್ತು ಸಾವಿಲ್ಲದ ಹಾಗೆ ಮಾಡುತ್ತದೆ. ಎಲ್ ಲೇಸರ್. ಅದನ್ನು ನಿಧಾನವಾಗಿ ಒಂದೊಂದೇ ಹೊಡೆಯಬೇಕು, ಮತ್ತೆ ಒತ್ತಿದರೆ ಹೊರಟ ಗೆರೆ ಅಲ್ಲೇ ಮಾಯ. ನಮ್ಮ ರಿಮೋಟ್‌ಗಳ ಟರ್ಬೊ ಬಟನ್‌ಗೂ ಲೇಸರ್‌ಗೂ ಆಗಿಬರುವುದಿಲ್ಲ. ಎಫ್, ಅಂದರೆ ಬೆಂಕಿಯ ಗನ್, ನನಗೆ ಯಾವತ್ತೂ ಇಷ್ಟವಾಗಲಿಲ್ಲ. ಕೈಯಲ್ಲಿ ಎಸ್ ಇದ್ದಾಗ ಬೇರೆ ಗನ್ನಿನ ಅಕ್ಷರ (ಎಂ, ಎಲ್, ಎಫ್) ತಾಗಿದರೆ ಎಸ್ ಹೋಗುತ್ತದೆ. ಸತ್ತರೂ ಹೋಗುತ್ತದೆ. ಹಾಗಾಗಿ ಮಾತಾಡಿಕೊಂಡು ತಗೊಳ್ಳಬೇಕು. ನಮ್ಮ ಮನೆಯಲ್ಲಿ ಆಗಿನಿಂದ ಇರುವ ನಿಯಮ: ಬರೀ ಗನ್ ಇರುವವರಿಗೆ ಮೊದಲನೇ ಎಸ್.

ಎರಡನೇ ಸ್ಟೇಜ್‌ನಲ್ಲಿ ಆಳುಗಳನ್ನು ಬೆನ್ನ ಹಿಂದಿನಿಂದ ನೋಡುತ್ತೇವೆ. ಎದುರಿನ ಗೋಡೆಯಲ್ಲಿ ಹೊಳೆಯುವ ಕಣ್ಣು ಒಡೆದರೆ ಮಾತ್ರ ಮಿಂಚಿನ ಬೇಲಿ ತೆರೆಯುತ್ತದೆ. ಒಬ್ಬರು ಕಣ್ಣಿಗೆ ಹೊಡೆಯಲಿ, ಇನ್ನೊಬ್ಬರು ಅಡ್ಡ ಬರುವವರನ್ನು ನೋಡಿಕೊಳ್ಳಲಿ. ನಾಲ್ಕನೇದೂ ಇದೇ ಥರ.

ಮೂರನೇ ಸ್ಟೇಜ್ ಜಲಪಾತ. ಇದಕ್ಕೋಸ್ಕರವೇ ನಾನು ಕಾಂಟ್ರಾವನ್ನು ಬೇರೆ ಎಲ್ಲ ಆಟಕ್ಕಿಂತ ಮೇಲೆ ಇಡುತ್ತೇನೆ. ಇಲ್ಲಿ ಪಕ್ಕಕ್ಕೆ ಹೋಗುವುದಿಲ್ಲ, ಮೇಲಕ್ಕೆ ಹತ್ತುತ್ತಾ ಹೋಗಬೇಕು. ಒಬ್ಬ ಬೇಗ ಹತ್ತಿದರೆ ಪರದೆ ಅವನ ಜೊತೆ ಮೇಲೆ ಹೋಗುತ್ತದೆ. ಕೆಳಗೆ ಉಳಿದವನು ಪರದೆಯಿಂದ ಜಾರಿ ಸಾಯುತ್ತಾನೆ. ಶತ್ರು ಹೊಡೆಯಬೇಕಿಲ್ಲ, ಜೊತೆಯವನ ಅವಸರವೇ ಸಾಕು. ಚೆನ್ನಾಗಿ ಆಡುವವನೇ ಇಲ್ಲಿ ಅಪಾಯ. ಅಣ್ಣ ಚೆನ್ನಾಗಿ ಆಡುತ್ತಿದ್ದ. ಆದರೂ ಒಂದು ಮೆಟ್ಟಿಲು ಹತ್ತಿ, ಅಲ್ಲೇ ಮಲಗಿ ಗುಂಡು ಹೊಡೆಯುತ್ತಾ, "ಬಾ ಪುಟ್ಟಿ, ಕಲ್ಲು ಹೋಗಲಿ, ಈಗ ಹಾರು" ಅನ್ನುತ್ತಿದ್ದ. ಮನೆಯಲ್ಲಿ ಬೇರೆ ಯಾವ ವಿಷಯಕ್ಕೂ ನನಗೆ ಕಾದವನಲ್ಲ. ಸೈಕಲ್ ಕೊಡುತ್ತಿರಲಿಲ್ಲ, ಕ್ರಿಕೆಟ್‌ಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಜಲಪಾತದಲ್ಲಿ ಕಾಯುತ್ತಿದ್ದ.

ಹಾಗಾಗಿ ಈ ಸ್ಟೇಜ್ ಆಡುವ ರೀತಿ ಇಷ್ಟೇ: ನಿಧಾನದವರು ಮುಂದೆ, ಚುರುಕಿನವರು ಹಿಂದೆ. ನಿಧಾನದವರು ಹಾರಿ ನಿಂತ ಮೇಲೆ ಮಾತ್ರ ಚುರುಕಿನವರು ಹಾರಬೇಕು. "ಬಂದೆ", "ನಿಲ್ಲು", "ಹಾರು" ಅಂತ ಬಾಯಿಬಿಟ್ಟು ಹೇಳಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಆಗುವುದಿಲ್ಲ. ಕಳೆದ ಗೌರಿ ಹಬ್ಬಕ್ಕೆ ಅಣ್ಣ ಬಂದಾಗ ಮಗಳ ಜೊತೆ ಕೂತಿದ್ದ. "ಮಾವ, ಇರು ಇರು, ನಾನಿನ್ನೂ ಕೆಳಗಿದ್ದೀನಿ" ಅಂತ ಅವಳು ಕಿರುಚಿದ್ದು ಅಡುಗೆಮನೆಗೆ ಕೇಳಿಸಿತು. ಅವಳ ಫೋನಿನಲ್ಲಿ ಇದಕ್ಕಿಂತ ಚೆಂದದ ಚಿತ್ರವಿರುವ ಆಟಗಳಿವೆ. ಅವುಗಳಲ್ಲಿ ಯಾರನ್ನೂ ಕಾಯಬೇಕಾಗಿಲ್ಲ. ಹೊಸ ಆಟಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಪಕ್ಕದಲ್ಲಿ ಕೂತವರ ಉಸಿರು ಕೇಳಿಸುವಷ್ಟು ಹತ್ತಿರ ಕೂತು ಆಡುವ ಆಟ ಮನೆಯಲ್ಲಿ ಒಂದಾದರೂ ಇರಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನೊಂದು ವಿಷಯವೂ ಈ ಆಟದಲ್ಲಿದೆ. ಒಬ್ಬರ ಲೈಫ್ ಎಲ್ಲ ಮುಗಿದರೆ ಅವರು ಇನ್ನೊಬ್ಬರ ಲೈಫ್‌ನಿಂದ ಒಂದು ತಗೊಂಡು ಮತ್ತೆ ಬರಬಹುದು. ಕೇಳದೆಯೂ ತಗೊಳ್ಳಬಹುದು, ಜಗಳವೆಲ್ಲ ಅಲ್ಲೇ ಶುರು. ಮೊದಲೇ ಮಾತಾಡಿಕೊಳ್ಳಿ. ನಮ್ಮದು: ಬಾಸ್, ಅಂದರೆ ಸ್ಟೇಜ್ ಕೊನೆಯ ದೊಡ್ಡ ಶತ್ರು, ಎದುರಿಗಿದ್ದಾಗ ಕೇಳದೆ ತಗೊಳ್ಳಬಹುದು, ಮಿಕ್ಕ ಕಡೆ ಕೇಳಿಯೇ ತಗೊಳ್ಳಬೇಕು.

ಹಿಮದ ಸ್ಟೇಜ್‌ನಲ್ಲಿ ಟ್ಯಾಂಕ್ ಬಂದಾಗ ಇಬ್ಬರೂ ಅದಕ್ಕೇ ಹೊಡೆಯಿರಿ. ಆರನೇದರಲ್ಲಿ ಬೆಂಕಿಯ ನಾಲಿಗೆಗಳು ಬಂದು ಹೋಗುತ್ತವೆ, ಎಣಿಸಿಕೊಂಡು ದಾಟಬೇಕು. ಒಬ್ಬರು ಎಣಿಸಲಿ, ಇಬ್ಬರೂ ಎಣಿಸಿದರೆ ಗೊಂದಲ. ಏಳರಲ್ಲಿ ಮೇಲಿನಿಂದ ಕೊಕ್ಕೆ ಇಳಿಯುತ್ತದೆ. ಕೊನೆಯದರಲ್ಲಿ ಬಡಿದುಕೊಳ್ಳುವ ದೊಡ್ಡ ಹೃದಯ, ಸುತ್ತ ಮೊಟ್ಟೆಗಳು. ಹತ್ತಿರ ಹೋಗಿ ಎಸ್ ಗನ್‌ನಿಂದ ಹೊಡೆದರೆ ಐದೂ ಗುಂಡು ತಾಗುತ್ತವೆ. ಅಲ್ಲಿಯವರೆಗೆ ಒಬ್ಬರಾದರೂ ಎಸ್ ಉಳಿಸಿಕೊಂಡಿರಬೇಕು.

ಹಳೇ ಕಾಂಟ್ರಾದಲ್ಲಿ ಸೇವ್ ಇಲ್ಲ. ಕರೆಂಟ್ ಹೋದರೆ ಮತ್ತೆ ಕಾಡಿನಿಂದಲೇ ಶುರು. ಲೋಡ್ ಶೆಡ್ಡಿಂಗ್ ಕಾಲದಲ್ಲಿ ನಾವು ಏಳನೇ ಸ್ಟೇಜ್‌ನಲ್ಲಿ ಕತ್ತಲಲ್ಲಿ ಕೂತಿದ್ದೂ ಉಂಟು. ಊಟಕ್ಕೆ ಎದ್ದರೆ ಸ್ಟಾರ್ಟ್ ಒತ್ತಿ ನಿಲ್ಲಿಸಿ, ಟಿವಿ ಮಾತ್ರ ಆಫ್ ಮಾಡಿ, ಪೆಟ್ಟಿಗೆ ಆನ್ ಇರಲಿ. ಯುಪಿಎಸ್ ಇರುವ ಪ್ಲಗ್‌ಗೆ ಪೆಟ್ಟಿಗೆಯನ್ನೂ ಟಿವಿಯನ್ನೂ ಹಾಕಿಕೊಂಡರೆ ಮಳೆಗಾಲದ ಸಂಜೆಗಳಿಗೆ ಒಳ್ಳೇದು.

ಆಟ ಮುಗಿದ ಮೇಲೆ ಅಡಾಪ್ಟರ್ ಪ್ಲಗ್‌ನಿಂದ ಕಿತ್ತಿಡಿ. ರಿಮೋಟ್ ವೈರನ್ನು ರಿಮೋಟಿಗೇ ಬಿಗಿಯಾಗಿ ಸುತ್ತಬೇಡಿ, ಸಡಿಲವಾಗಿ ಮಡಿಚಿ ಪಕ್ಕದಲ್ಲಿಡಿ. ಕ್ಯಾಸೆಟ್‌ಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ, ಹೊಸ ಚಪ್ಪಲಿ ಬಾಕ್ಸ್‌ನಲ್ಲಿ ಬರುವ ಸಿಲಿಕಾ ಪೊಟ್ಟಣ ಒಂದೆರಡು ಜೊತೆಗಿಡಿ. ಡಬ್ಬಿ ಟಿವಿಯ ಪಕ್ಕದಲ್ಲೇ ಇರಲಿ, ಮಕ್ಕಳ ಕೈಗೆ ಸಿಗುವ ಹಾಗೆ.